ಮಾಡಿದ, ಮಾಡದ: ಶಾರ್ಟ್‌ಹ್ಯಾಂಡಲ್ಲಿ ಒಂದು ಚುಕ್ಕೆಯ ಬೆಲೆ

ಚಿತ್ರದುರ್ಗದ ಕೋರ್ಟಿನಲ್ಲಿ ನಾನು ಸ್ಟೆನೋ. ಸಾಹೇಬರು ತೀರ್ಪು ಹೇಳುತ್ತಾ ಹೋಗುತ್ತಾರೆ, ನಾನು ಶಾರ್ಟ್‌ಹ್ಯಾಂಡಲ್ಲಿ, ಅಂದರೆ ಶೀಘ್ರಲಿಪಿಯಲ್ಲಿ, ಬರೆದುಕೊಂಡು ಆಮೇಲೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ. ಈ ಕೆಲಸಕ್ಕೆ ಓದುತ್ತಿರುವ ಮಕ್ಕಳು ಮೊದಲು ಕೇಳುವುದು ಸ್ಪೀಡ್ ಬಗ್ಗೆ. ಸ್ಪೀಡ್ ಬೇಕು, ಪರೀಕ್ಷೆ ಪಾಸಾಗುವುದೇ ಅದರಿಂದ. ಆದರೆ ಬರೆದದ್ದನ್ನು ಓದಲು ಬರದಿದ್ದರೆ ಏನು ಪ್ರಯೋಜನ?

ಐಸಾಕ್ ಪಿಟ್ಮನ್ 1837ರಲ್ಲಿ ಇಂಗ್ಲಿಷಿಗೆಂದು ಹೊರತಂದ ಪದ್ಧತಿಯೇ ನಾನು ಕಲಿತ ಕನ್ನಡ ಶೀಘ್ರಲಿಪಿಗೂ ಬುನಾದಿ. ವ್ಯಂಜನಕ್ಕೆ ಗೆರೆ, ಸ್ವರಕ್ಕೆ ಚುಕ್ಕೆ ಅಥವಾ ಪುಟ್ಟ ಗೀಟು. ತೆಳು ಗೆರೆ ಎಳೆದರೆ ‘ಕ’, ಅದನ್ನೇ ಒತ್ತಿ ಎಳೆದರೆ ‘ಗ’. ಬಾಲ್ ಪೆನ್ನಿನಲ್ಲಿ ಈ ವ್ಯತ್ಯಾಸ ಸರಿಯಾಗಿ ಮೂಡುವುದಿಲ್ಲ. ಅದಕ್ಕೇ ನಾನು ಇನ್ನೂ ಪೆನ್ಸಿಲ್ ಬಿಟ್ಟಿಲ್ಲ.

ಓಟದಲ್ಲಿ ಬರೆಯುವಾಗ ಸ್ವರಗಳನ್ನು ಬಿಡುತ್ತೇವೆ. ಕನ್ನಡದಲ್ಲಿ ತೊಂದರೆ ಬರುವುದೇ ಅಲ್ಲಿ. ‘ಸಹಿ ಮಾಡಿದ ಪತ್ರ’, ‘ಸಹಿ ಮಾಡದ ಪತ್ರ’. ಚುಕ್ಕೆ ಹಾಕದಿದ್ದರೆ ಎರಡಕ್ಕೂ ಒಂದೇ ಗೆರೆ. ಗೆರೆ ಸಾಲಿನ ಮೇಲಿರಬೇಕೋ, ಸಾಲಿಗೆ ತಾಗಬೇಕೋ, ಸಾಲನ್ನು ಸೀಳಬೇಕೋ ಅನ್ನುವುದು ಮೊದಲ ಸ್ವರದ ಮೇಲೆ. ಇಲ್ಲಿ ಎರಡರಲ್ಲೂ ಅದು ‘ಆ’. ಹಾಗಾಗಿ ಜಾಗ ನೋಡಿಯೂ ಗೊತ್ತಾಗುವುದಿಲ್ಲ. ಕ್ರಯಪತ್ರದ ದಾವೆಯಲ್ಲಿ ಇದು ಅದಲುಬದಲಾದರೆ ತೀರ್ಪಿನ ಅರ್ಥವೇ ತಿರುಗುಮುರುಗು, ಅಲ್ವಾ? ನಾನು ಮಾಡುವುದಿಷ್ಟೇ: ಮಾಡದ, ನೋಡದ, ಹೇಳದ ಇಂಥ ಪದ ಬಂದ ಕೂಡಲೇ ಗೆರೆಯ ಕೆಳಗೊಂದು ಅಡ್ಡಗೀಟು. ಎಷ್ಟೇ ಅವಸರವಿರಲಿ, ಅದನ್ನು ಬಿಡುವುದಿಲ್ಲ. ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವ ಪಾಟೀಸವಾಲಿನ ಭಾಗದಲ್ಲಿ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಮತ್ತೆ ಮತ್ತೆ ಬರುತ್ತವೆ. ಇವೆರಡಕ್ಕೂ ಒಂದಕ್ಕೊಂದು ಹೋಲದ ಬೇರೆ ಬೇರೆ ಗುರುತು ಮಾಡಿಕೊಂಡಿದ್ದೇನೆ.

ಸರ್ವೆ ನಂಬರ್, ಎಕರೆ, ಗುಂಟೆಗಳನ್ನು ಅಂಕಿಯಲ್ಲೇ ಬರೆಯಿರಿ. ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ, ಬಂದರೆ ಪೂ, ಪ, ಉ, ದ ಸಾಕು. ಊರಿನ ಹೆಸರನ್ನು ಮಾತ್ರ ಕನ್ನಡ ಅಕ್ಷರದಲ್ಲಿ ಪೂರ್ತಿ ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಗೊಲ್ಲರಹಟ್ಟಿಗಳೇ ಎಷ್ಟಿವೆ! ಯಾವ ಊರಿನ ಗೊಲ್ಲರಹಟ್ಟಿ ಅನ್ನುವುದೂ ಬೇಕು.

ಅವತ್ತಿನ ನೋಟ್ಸ್ ಅವತ್ತೇ ಟೈಪ್ ಆಗಬೇಕು. ಸಾಹೇಬರ ದನಿ ಕಿವಿಯಲ್ಲಿ ಇನ್ನೂ ಇರುತ್ತದೆ, ಅರ್ಧ ಅನುಮಾನ ಅದರಲ್ಲೇ ಬಗೆಹರಿಯುತ್ತದೆ. ಉಳಿದದ್ದಕ್ಕೆ ಸುಮ್ನೆ ಊಹೆ ಮಾಡಿ ಟೈಪ್ ಮಾಡಬೇಡಿ. ಛೇಂಬರಿಗೆ ಹೋಗಿ, ‘ಸಾರ್, ಇಲ್ಲಿ ಮಾಡಿದ ಅಂದಿರೋ, ಮಾಡದ ಅಂದಿರೋ?’ ಅಂತ ಕೇಳಿ. ಹಾಗೆ ಕೇಳಿದ್ದಕ್ಕೆ ಯಾವ ಸಾಹೇಬರೂ ನನಗೆ ಬೈದಿಲ್ಲ.