ಕನ್ನಡದ ಇಮೇಲ್ ಕೆಡದಂತೆ ಕಟ್ಟುವುದು, ಪರೀಕ್ಷಿಸುವುದು ಹೇಗೆ?

ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲಿ ಮೊದಲಿನಿಂದಲೂ ಬೇಡಿಕೆ ಇದೆ. ಈಗ ಆರ್ಡರ್‌ಗಳು ಆನ್‌ಲೈನ್‌ನಲ್ಲೂ ಬರುತ್ತವೆ. ಹಣ ತಲುಪಿತು, ಪಾರ್ಸೆಲ್ ಹೊರಟಿತು ಎಂಬ ಸುದ್ದಿ ಇಮೇಲ್‌ನಲ್ಲಿ ಹೋಗುತ್ತದೆ. ಅದನ್ನು ಕನ್ನಡ ಬಲ್ಲ ಗ್ರಾಹಕರಿಗೆ ಕನ್ನಡದಲ್ಲೇ ಕಳುಹಿಸಬೇಕು ಎನ್ನುವ ಬಾಗಲಕೋಟೆ ಜಿಲ್ಲೆಯ ಅಂಗಡಿಗಳಿಗೆ, ನೇಕಾರರ ಸಂಘಗಳಿಗೆ, ಅವರ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಯುವಕ ಯುವತಿಯರಿಗೆ ಈ ಲೇಖನ. ಇಂಗ್ಲಿಷ್ ಇಮೇಲ್‌ಗಾಗಿ ರೂಪಿಸಿದ ಅಳತೆಗಳನ್ನು ಹಾಗೆಯೇ ಬಳಸಿದರೆ ಕನ್ನಡ ಕೆಡುತ್ತದೆ. ಎಲ್ಲಿ ಕೆಡುತ್ತದೆ ಎಂಬುದು ತಿಳಿದರೆ, ಅದನ್ನು ಹಿಡಿಯುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಹುದು.

ವೆಬ್‌ಸೈಟ್ ಕಟ್ಟಿದ ರೂಢಿಯಲ್ಲಿ ಇಮೇಲ್ ಕಟ್ಟಲು ಹೊರಡಬೇಡಿ. ವಿಂಡೋಸ್‌ನ ಔಟ್‌ಲುಕ್ 2007ರ ಆವೃತ್ತಿಯಿಂದ ಇಮೇಲ್ ತೋರಿಸಲು ಬ್ರೌಸರನ್ನಲ್ಲ, ವರ್ಡ್ ತಂತ್ರಾಂಶವನ್ನು ನೆಚ್ಚಿಕೊಂಡಿತು. ಆ ಕ್ಲಾಸಿಕ್ ಔಟ್‌ಲುಕ್ ಇಂದಿಗೂ ಅನೇಕ ಕಚೇರಿಗಳಲ್ಲಿದೆ. ಹೊಸ ಬಗೆಯ ಸಿಎಸ್‌ಎಸ್ (ವಿನ್ಯಾಸದ ಸೂಚನೆಗಳ ಭಾಷೆ) ಅದಕ್ಕೆ ಅರ್ಥವಾಗುವುದಿಲ್ಲ. ಕೋಷ್ಟಕದೊಳಗೆ ಕೋಷ್ಟಕ ಇಟ್ಟು ಬರೆದರೆ ಮಾತ್ರ ವಿನ್ಯಾಸ ನಿಲ್ಲುತ್ತದೆ. ಅದನ್ನು ಕೈಯಿಂದ ಬರೆಯುವುದು ಬೇಸರದ ಕೆಲಸ. ಹೀಗಾಗಿ ಜಾವಾಸ್ಕ್ರಿಪ್ಟ್ ಪ್ರೋಗ್ರಾಂಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ನೋಡ್ ಜೆಎಸ್ ಅಳವಡಿಸಿಕೊಂಡು, ಅದರ ಮೇಲೆ ಎಂಜೆಎಂಎಲ್ ಎಂಬ ಉಚಿತ ಸಾಧನವನ್ನು ಹಾಕಿಕೊಳ್ಳಿ. ನೀವು 'ಸೆಕ್ಷನ್', 'ಕಾಲಮ್', 'ಬಟನ್' ಎಂದು ಸರಳ ಟ್ಯಾಗ್‌ಗಳಲ್ಲಿ ಬರೆದದ್ದನ್ನು ಅದು ಕೋಷ್ಟಕಗಳ ಎಚ್‌ಟಿಎಂಎಲ್‌ಗೆ (ಪುಟ ಕಟ್ಟುವ ಸಂಕೇತ ಭಾಷೆಗೆ) ತಿರುಗಿಸುತ್ತದೆ. ಅಗಲ 600 ಪಿಕ್ಸೆಲ್ ಎಂದು ಅದೇ ಹಿಡಿದಿರುತ್ತದೆ, ಬದಲಿಸಬೇಕಿಲ್ಲ.

ಬದಲಿಸಲೇಬೇಕಾದದ್ದು ಅಕ್ಷರದ ಅಳತೆ. ಎಂಜೆಎಂಎಲ್‌ನಲ್ಲಿ ಪಠ್ಯದ ಗಾತ್ರ 13 ಪಿಕ್ಸೆಲ್, ಸಾಲಿನ ಎತ್ತರ 1 ಎಂದು ಮೊದಲೇ ನಿಗದಿಯಾಗಿದೆ. ಇಂಗ್ಲಿಷ್ ಹೇಗೋ ಅದರಲ್ಲಿ ಹಿಡಿಯುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಓದುವವರಿಗೆ ಹಿಂಸೆಯಾಗುತ್ತದೆ. ಗಾತ್ರವನ್ನು 16ಕ್ಕೆ, ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿ. ಅಕ್ಷರಗಳ ನಡುವಿನ ಅಂತರದ ಸೂಚನೆಯನ್ನು ಮುಟ್ಟಲೇಬೇಡಿ. ಫಾಂಟ್ ಪಟ್ಟಿಯ ಆರಂಭದಲ್ಲಿರುವ ಉಬುಂಟು ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ಅದನ್ನು ತೆಗೆದು ವಿಂಡೋಸ್‌ಗಾಗಿ ನಿರ್ಮಲಾ ಯುಐ, ಆಂಡ್ರಾಯ್ಡ್‌ಗಾಗಿ ನೋಟೊ ಸಾನ್ಸ್ ಕನ್ನಡ, ಆ್ಯಪಲ್ ಸಾಧನಗಳಿಗಾಗಿ ಕನ್ನಡ ಸಂಗಮ್ ಎಂಎನ್ ಫಾಂಟ್‌ಗಳನ್ನು ಹೆಸರಿಸಿ. ಚೆಂದದ ವೆಬ್ ಫಾಂಟ್ ಹಾಕುವ ಆಸೆ ಬೇಡ. ಜಿಮೇಲ್ ಅದನ್ನು ತೋರಿಸುವುದಿಲ್ಲ. ಭಾಷೆ ಕನ್ನಡ ಎಂದು ಕಡತದ ತಲೆಯಲ್ಲಿ ನಮೂದಿಸಿ. ಓದಿ ಹೇಳುವ ತಂತ್ರಾಂಶ ಬಳಸುವ ದೃಷ್ಟಿದೋಷವುಳ್ಳ ಗ್ರಾಹಕರಿಗೆ ಅದರಿಂದಲೇ ಸರಿಯಾದ ಧ್ವನಿ ಸಿಗುತ್ತದೆ.

ಚಿತ್ರಗಳ ವಿಷಯ ಸುಲಭ. ಜೆಪೆಗ್ ಬಳಸಿ, 1200 ಪಿಕ್ಸೆಲ್ ಅಗಲದ್ದನ್ನು 600ರಲ್ಲಿ ತೋರಿಸಿ. ಚಿತ್ರ ತೆರೆಯದಿದ್ದಾಗ ಕಾಣುವ ಬದಲಿ ಪಠ್ಯದಲ್ಲಿ 'ಚಿತ್ರ 1' ಎಂದು ಬರೆಯದೆ 'ಕೆಂಪು ಸೆರಗು, ಚಿಕ್ಕಿ ಪರಾಸ ದಡಿ' ಎಂದು ಬರೆಯಿರಿ.

ಮುಂದಿನ ಹೆಜ್ಜೆ ಮಾಹಿತಿ ತುಂಬುವುದು. ಇಳಕಲ್ ಮಗ್ಗದಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಸಿದ್ಧಪಡಿಸಿ ಕೊಂಡಿ ಹಾಕಿ ಜೋಡಿಸುವಂತೆ, ಇಲ್ಲಿ ಟೆಂಪ್ಲೇಟ್ (ಇಮೇಲ್‌ನ ಖಾಲಿ ಅಚ್ಚು) ಒಂದು ಕಡೆ, ಗ್ರಾಹಕರ ಹೆಸರು, ಸೀರೆ, ಬೆಲೆ ಇನ್ನೊಂದು ಕಡೆ ಇರಬೇಕು. ಹ್ಯಾಂಡಲ್‌ಬಾರ್ಸ್ ಎಂಬ ಸಾಧನ ಎರಡನ್ನೂ ಕೂಡಿಸುತ್ತದೆ.

ಪರೀಕ್ಷೆಗಾಗಿ ಕಲ್ಪಿತ ಗ್ರಾಹಕರ ಕಡತವೊಂದನ್ನು ಮನಸ್ಸಿಟ್ಟು ಸಿದ್ಧಪಡಿಸಿ. ಅರ್ಧ ಕೆಲಸ ಇದರಲ್ಲೇ ಇದೆ. ಒತ್ತು, ಅರ್ಕಾವತ್ತು ಎರಡೂ ಇರುವ 'ಮಲ್ಲಿಕಾರ್ಜುನಯ್ಯ'ನಂತಹ ಉದ್ದದ ಹೆಸರು ಒಂದಿರಲಿ. ಹೆಸರೇ ಇಲ್ಲದ ಗ್ರಾಹಕರು ಒಬ್ಬರಿರಲಿ. ಒಂದೇ ಸೀರೆಯ ಆರ್ಡರ್, ಮದುವೆಗೆಂದು ಹತ್ತಾರು ಸೀರೆ ತೆಗೆದುಕೊಂಡ ಆರ್ಡರ್, ₹1,25,000 ಎಂಬಂತಹ ಮೊತ್ತ, ಎಲ್ಲವೂ ಬರಲಿ. 'ಆನ್‌ಲೈನ್' ಎಂಬ ಪದವನ್ನೂ ತಪ್ಪದೆ ಸೇರಿಸಿ. ಅದರಲ್ಲಿ 'ನ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಗುರುತು ಇರುತ್ತದೆ. ಅನಗತ್ಯ ಚಿಹ್ನೆಗಳನ್ನು ಅಳಿಸುವ ಸ್ಕ್ರಿಪ್ಟ್ ಅದನ್ನೂ ಅಳಿಸಿದರೆ 'ಲ' ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಮೂಲದಲ್ಲಿದ್ದ ಪದ ಇಮೇಲ್‌ನಲ್ಲಿಯೂ ಹಾಗೆಯೇ ಇದೆಯೇ ಎಂದು ಹೋಲಿಸುವ ಒಂದು ಸಾಲಿನ ಪರೀಕ್ಷೆ ಬರೆದುಬಿಡಿ.

ಇನ್ನು ತೂಕ. ಎಚ್‌ಟಿಎಂಎಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ, ಪೂರ್ತಿ ಓದಲು ಪ್ರತ್ಯೇಕ ಕೊಂಡಿ ತೋರಿಸುತ್ತದೆ. ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ 'ಕ'ಕ್ಕೆ 3 ಬೈಟ್ ಬೇಕು. 'ಕ್ಷ' ಒಂದೇ ಅಕ್ಷರದಂತೆ ಕಂಡರೂ ಕ, ವಿರಾಮ (ಅರ್ಧಾಕ್ಷರದ ಗುರುತು), ಷ ಮೂರೂ ಸೇರಿ 9 ಬೈಟ್ ಆಗುತ್ತದೆ. ಆದ್ದರಿಂದ ಅಕ್ಷರಗಳನ್ನು ಎಣಿಸಬೇಡಿ, ಬೈಟ್‌ಗಳನ್ನು ಎಣಿಸಿ. ಅದೂ ಹತ್ತಾರು ಸೀರೆಗಳ ಆರ್ಡರ್ ತುಂಬಿದ ಮೇಲೆ. ನಾನು 90 ಕೆಬಿಗೆ ಗಡಿ ಹಾಕಿ ಎನ್ನುತ್ತೇನೆ.

ಈಗ ಇಮೇಲ್ ಕಳುಹಿಸಿ ನೋಡಬೇಕು, ಆದರೆ ಅದು ಯಾವ ಗ್ರಾಹಕರಿಗೂ ಹೋಗಬಾರದು. ಮೇಲ್‌ಪಿಟ್ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ನಿಮ್ಮ ಪ್ರೋಗ್ರಾಂ ಕಂಪ್ಯೂಟರಿನ 1025ನೇ ಪೋರ್ಟ್‌ಗೆ (ಸಂಖ್ಯೆ ಹೊತ್ತ ಸಂಪರ್ಕದ ಬಾಗಿಲಿಗೆ) ಇಮೇಲ್ ಕೊಟ್ಟರೆ ಅದು ಅಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ಬ್ರೌಸರಿನಲ್ಲಿ 8025ನೇ ಪೋರ್ಟ್ ತೆರೆದು ನೋಡಬಹುದು. ಯಾವ ಎಚ್‌ಟಿಎಂಎಲ್ ಅಂಶ ಯಾವ ಇಮೇಲ್ ಆ್ಯಪ್‌ನಲ್ಲಿ ನಡೆಯುವುದಿಲ್ಲ, ಯಾವ ಕೊಂಡಿ ಮುರಿದಿದೆ ಎಂಬುದನ್ನೂ ಅದು ಹೇಳುತ್ತದೆ.

ಇಷ್ಟನ್ನೂ ಪ್ರತಿ ಸಲ ಕೈಯಿಂದ ಮಾಡುತ್ತೇವೆ ಎಂದುಕೊಂಡರೆ ದೀಪಾವಳಿ, ಪಂಚಮಿಯ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಖಂಡಿತ. ಕಡತಗಳನ್ನು ಗಿಟ್‌ಹಬ್ ಎಂಬ ಜಾಲತಾಣದಲ್ಲಿಟ್ಟು, ಕೆಲಸಗಳನ್ನು ತಾನಾಗಿ ನಡೆಸುವ ಅಲ್ಲಿನ ಆಕ್ಷನ್ಸ್ ಸೌಲಭ್ಯದಲ್ಲಿ ಕ್ರಮವನ್ನು ಬರೆದಿಡಿ: ಎಂಜೆಎಂಎಲ್ ಕಟ್ಟು, ತಪ್ಪಿದ್ದರೆ ಅಲ್ಲೇ ನಿಲ್ಲು, ಕಲ್ಪಿತ ಮಾಹಿತಿ ತುಂಬು, ಬೈಟ್ ಎಣಿಸು, ಪದಗಳನ್ನು ಹೋಲಿಸು, ಮೇಲ್‌ಪಿಟ್‌ಗೆ ಕಳುಹಿಸಿ ವರದಿ ತರು. ಎಂಜೆಎಂಎಲ್ ತಪಾಸಣೆಯ ಕಟ್ಟುನಿಟ್ಟು 'ಸ್ಟ್ರಿಕ್ಟ್' ಎಂದಿರಲಿ. ಟೆಂಪ್ಲೇಟಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಎಲ್ಲವೂ ತಾನಾಗಿ ಮತ್ತೆ ನಡೆಯುತ್ತದೆ. ಕೆಂಪು ಗುರುತು ಬಿದ್ದರೆ ಅದನ್ನು ಸರಿಪಡಿಸುವವರೆಗೆ ಹೊಸ ಟೆಂಪ್ಲೇಟ್ ಬಳಕೆಗೆ ಬರಬಾರದು ಎಂಬ ನಿಯಮ ಮಾಡಿಕೊಳ್ಳಿ.

ಯಂತ್ರ ಒಪ್ಪಿದ ಮೇಲೆ ನಿಮ್ಮ ಕಣ್ಣು ಒಪ್ಪಬೇಕು. ಆಂಡ್ರಾಯ್ಡ್ ಮೊಬೈಲ್‌ನ ಜಿಮೇಲ್, ಐಫೋನ್‌ನ ಮೇಲ್, ಕ್ಲಾಸಿಕ್ ಔಟ್‌ಲುಕ್, ಈ ಮೂರರಲ್ಲಿ ನಿಜವಾದ ಇಮೇಲ್ ತರಿಸಿ ನೋಡಿ. ಮೊಬೈಲ್‌ನ ಡಾರ್ಕ್ ಮೋಡ್ ಹಾಕಿಯೂ ನೋಡಿ. ಪಾರದರ್ಶಕ ಹಿನ್ನೆಲೆಯ ಕಪ್ಪು ಲೋಗೊ ಅಲ್ಲಿ ಮಾಯವಾಗುತ್ತದೆ.

ಕೊನೆಯದಾಗಿ, ಇಷ್ಟು ಜೋಪಾನವಾಗಿ ಕಟ್ಟಿದ ಇಮೇಲ್ ಸ್ಪ್ಯಾಮ್‌ಗೆ ಬೀಳಬಾರದು. ಕಳುಹಿಸುವವರು, ಇಮೇಲ್ ನಿಜವಾಗಿಯೂ ತಮ್ಮ ಕಡೆಯಿಂದಲೇ ಬಂದಿದೆ ಎಂದು ತೋರಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ದೃಢೀಕರಣವನ್ನು ಮಾಡಿರಬೇಕೆಂದು ಜಿಮೇಲ್ 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರು ಎರಡರ ಜೊತೆಗೆ ಡಿಮಾರ್ಕ್ (ದೃಢೀಕರಣದಲ್ಲಿ ಸೋತ ಇಮೇಲನ್ನು ಏನು ಮಾಡಬೇಕೆಂದು ಹೇಳುವ ಸೂಚನೆ) ಕೂಡ ಹೊಂದಿರಬೇಕು, ಪ್ರಚಾರದ ಇಮೇಲ್‌ಗಳಲ್ಲಿ ಒಂದೇ ಒತ್ತಿಗೆ ಚಂದಾ ನಿಲ್ಲಿಸುವ ಅವಕಾಶ ಕೊಡಬೇಕು. ನಿಮ್ಮದು ಚಿಕ್ಕ ಅಂಗಡಿಯಾದರೂ ಎಲ್ಲವನ್ನೂ ಈಗಲೇ ಮಾಡಿಕೊಳ್ಳಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಸೇರಿಸುವ ಜಾಗ, ನಿಮ್ಮ ಡೊಮೈನ್ (ಅಂತರ್ಜಾಲದ ವಿಳಾಸ) ಖರೀದಿಸಿದ ಕಡೆ ಸಿಗುವ ಡಿಎನ್‌ಎಸ್ ಪುಟ.