ಫ್ರೇಸಲ್ ವರ್ಬ್ ಕಲಿಯೋಕೆ ಪಟ್ಟಿ ಬೇಡ, ನಿಮ್ಮ ದಿನಚರಿ ಸಾಕು

ಗೋಕರ್ಣದ ಒಂದು ಲಾಡ್ಜಿನ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಮಧ್ಯಾಹ್ನ ಎರಡರ ಬಿಸಿಲಲ್ಲಿ ಹೊರದೇಶದ ಗಂಡ ಹೆಂಡತಿ ಬೆನ್ನಿಗೆ ಚೀಲ ಹೊತ್ತು ಬಂದರು. ‘ಕ್ಯಾನ್ ಯು ಪುಟ್ ಅಸ್ ಅಪ್ ಫಾರ್ ಟೂ ನೈಟ್ಸ್?’ ಎಂದು ಆಕೆ ಕೇಳಿದರು. ಪುಟ್ ಗೊತ್ತು, ಅಪ್ ಗೊತ್ತು. ಮೇಲಿನ ಮಹಡಿ ಕೇಳುತ್ತಿದ್ದಾರೆ ಅಂದುಕೊಂಡೆ. ಮಹಡಿಯ ರೂಮು ತುಂಬಿದ್ದವು, ‘ಸಾರಿ’ ಅಂದೆ. ಅವರು ಮತ್ತೆ ಬಿಸಿಲಿಗೆ ಇಳಿದು ನಡೆದರು. ಕೆಳಗಡೆ ಮೂರು ರೂಮು ಖಾಲಿ ಇದ್ದವು. ಪುಟ್ ಅಪ್ ಅಂದರೆ ಉಳಿಯಲು ಜಾಗ ಕೊಡುವುದು ಅಂತ ಗೊತ್ತಾದದ್ದು ಸಂಜೆ, ಮಾಲೀಕರು ಹೇಳಿದ ಮೇಲೆ.

ಇವೇ ಫ್ರೇಸಲ್ ವರ್ಬ್‌ಗಳು. ಒಂದು ಸಣ್ಣ ಕ್ರಿಯಾಪದ, ಅದರ ಬೆನ್ನಿಗೆ ಅಪ್, ಆಫ್, ಔಟ್, ಡೌನ್ ತರದ ಇನ್ನೊಂದು ಸಣ್ಣ ಪದ. ಎರಡೂ ಸೇರಿದರೆ ಬೇರೆಯೇ ಅರ್ಥ. 1755ರಲ್ಲಿ ದೊಡ್ಡ ಇಂಗ್ಲಿಷ್ ನಿಘಂಟು ಮಾಡಿದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಹೊರಗಿನವರಿಗೆ ಇವು ಬಹಳ ಕಷ್ಟ ಎಂದು ಬರೆದಿದ್ದಾರೆ. ಹಾಗಾಗಿ ಬರದಿದ್ದರೆ ನಾಚಿಕೆ ಪಡಬೇಕಾಗಿಲ್ಲ.

ಆ ಸಂಜೆಯ ನಂತರ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ‘ಗೆಟ್’ ಇರುವ ಇಪ್ಪತ್ತು, ‘ಪುಟ್’ ಇರುವ ಹದಿನೈದು, ಪಟ್ಟಿ ಮಾಡಿ ಬಾಯಿಪಾಠ. ನಾಲ್ಕೇ ದಿನದಲ್ಲಿ ಎಲ್ಲ ಕಲಸಿಹೋಯಿತು. ಒಂದೇ ತರ ಕಾಣುವ ಹದಿನೈದನ್ನು ಒಟ್ಟಿಗೆ ತಲೆಗೆ ತುರುಕಿದರೆ ಇನ್ನೇನಾಗುತ್ತದೆ?

ಈಗ ಕನ್ನಡವನ್ನೇ ನೋಡಿ. ಕೈ ಕೊಡು, ಕೈ ಬಿಡು, ಕೈ ಹಿಡಿ, ಕೈ ಹಾಕು. ‘ಪಂಪು ಕೈ ಕೊಟ್ಟಿತು’ ಅಂದರೆ ಯಾರೂ ಪಂಪಿನ ಕೈ ಹುಡುಕುವುದಿಲ್ಲ. ಇದನ್ನು ನಮಗೆ ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ತೋಟಕ್ಕೆ ನೀರು ಬಿಡುವ ಹೊತ್ತಿಗೆ ಪಂಪು ನಿಂತಿತು, ಅಪ್ಪ ಹಾಗೆಂದರು, ನಾವು ಕೇಳಿಸಿಕೊಂಡೆವು. ಅಷ್ಟೇ. ಅಂದ ಹಾಗೆ, ಪಂಪು ಕೈ ಕೊಟ್ಟರೆ ಇಂಗ್ಲಿಷಿನಲ್ಲಿ ‘ದಿ ಪಂಪ್ ಗೇವ್ ಔಟ್’. ಗೆಳೆಯ ಕೈ ಕೊಟ್ಟರೆ ‘ಹಿ ಲೆಟ್ ಮಿ ಡೌನ್’. ಪದಕ್ಕೆ ಪದ ಹೊಂದಿಸಲು ಹೋದರೆ ಎರಡೂ ಸಿಗುವುದಿಲ್ಲ. ಸಂದರ್ಭಕ್ಕೆ ಸಂದರ್ಭ ಹೊಂದಿಸಬೇಕು.

ಆದ್ದರಿಂದ ನಿಮ್ಮ ದಿನದಿಂದಲೇ ಶುರು ಮಾಡಿ. ಮಳೆಗಾಲದ ಒಂದು ದಿನ ಕಾರವಾರದಿಂದ ಶಿರಸಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಬೆಳಿಗ್ಗೆ ಹೊರಟದ್ದು ‘ಸೆಟ್ ಆಫ್’. ಬಸ್ ಹತ್ತಿದ್ದು ‘ಗೆಟ್ ಆನ್’, ಇಳಿದದ್ದು ‘ಗೆಟ್ ಆಫ್’. ಆದರೆ ಆಟೋ ಹತ್ತಿದರೆ ‘ಗೆಟ್ ಇನ್’, ಇಳಿದರೆ ‘ಗೆಟ್ ಔಟ್’. ನಮಗೆ ಎಲ್ಲದಕ್ಕೂ ಹತ್ತು, ಇಳಿ ಸಾಕು, ಅವರಿಗೆ ಸಾಲದು. ಒಳಗೆ ಎದ್ದು ನಿಂತು ಓಡಾಡುವಂಥ ಬಸ್ಸು, ರೈಲು, ದೊಡ್ಡ ಬೋಟಿಗೆ ಆನ್ ಮತ್ತು ಆಫ್. ತಲೆ ಬಗ್ಗಿಸಿ ನುಸುಳಿ ಕೂರುವ ಕಾರು, ಆಟೋಗೆ ಇನ್ ಮತ್ತು ಔಟ್. ಕಾಳಿ ನದಿಯ ಸಣ್ಣ ದೋಣಿಗೂ ಇನ್ ಮತ್ತು ಔಟ್. ದೇವಿಮನೆ ಘಾಟಿಯಲ್ಲಿ ಮರ ಬಿದ್ದು ಒಂದು ತಾಸು ಸಿಕ್ಕಿಹಾಕಿಕೊಂಡರೆ ‘ವಿ ವರ್ ಹೆಲ್ಡ್ ಅಪ್’. ಬಸ್ಸೇ ಕೆಟ್ಟರೆ ‘ಇಟ್ ಬ್ರೋಕ್ ಡೌನ್’. ಇದಂತೂ ನಮ್ಮ ಬಾಯಲ್ಲಿ ಆಗಲೇ ಇದೆ, ‘ಬ್ರೇಕ್‌ಡೌನ್ ಆಯ್ತು’ ಅನ್ನುತ್ತೇವಲ್ಲ. ಪಿಕಪ್, ಬ್ಯಾಕಪ್ ಕೂಡ ಹಾಗೆಯೇ. ನಾವು ಇವನ್ನು ನಾಮಪದವಾಗಿ ಬಳಸುತ್ತೇವೆ, ಅಷ್ಟೇ ವ್ಯತ್ಯಾಸ. ಕ್ರಿಯಾಪದವಾದಾಗ ಎರಡು ಪದ ಬಿಡಿಸಿ ಬರೆಯಬೇಕು, ಕಾಲಕ್ಕೆ ತಕ್ಕಂತೆ ಮೊದಲ ಪದ ಮಾತ್ರ ಬದಲಾಗುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದದ್ದು. ಶಿರಸಿ ಕಡೆ ಮಳೆ ಸ್ವಲ್ಪ ಬಿಡುವು ಕೊಟ್ಟರೆ ‘ಹೊಳವಾಯ್ತು’ ಅಂತಾರೆ ನೋಡಿ, ಅದಕ್ಕೆ ಸರಿಯಾದ ಇಂಗ್ಲಿಷ್ ‘ದಿ ರೇನ್ ಹ್ಯಾಸ್ ಲೆಟ್ ಅಪ್’. ಒಮ್ಮೆ ಹೀಗೆ ಜೋಡಿಸಿದ ಮೇಲೆ ಮರೆಯಲು ಸಾಧ್ಯವೇ ಇಲ್ಲ.

ಮೀನುಗಾರರ ಮನೆಯವರಾದರೆ ಕಾರವಾರದ ಬೈತಖೋಲ ಬಂದರನ್ನೇ ಪಾಠ ಮಾಡಿಕೊಳ್ಳಿ. ಗಾಳಿ ಜೋರಾಗಿ ಇವತ್ತಿನ ಟ್ರಿಪ್ಪನ್ನು ನಾಳೆಗೆ ಹಾಕಿದರೆ ‘ಪುಟ್ ಆಫ್’, ಪೂರ್ತಿ ರದ್ದು ಮಾಡಿದರೆ ‘ಕಾಲ್ ಆಫ್’. ಜಾಸ್ತಿ ಜನ ಈ ಎರಡನ್ನು ಅದಲು ಬದಲು ಮಾಡುತ್ತಾರೆ. ನಡು ಸಮುದ್ರದಲ್ಲಿ ಡೀಸೆಲ್ ಮುಗಿದರೆ ‘ರನ್ ಔಟ್ ಆಫ್’. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳನ್ನು ಸುಮ್ನೆ ಕಟ್ಟಿ ಇಡುವುದಕ್ಕೆ ‘ಲೇಡ್ ಅಪ್’ ಎಂಬ ಮಾತಿದೆ.

ಬಾಲದ ಪದಗಳಿಗೂ ಒಂದು ಸ್ವಭಾವ ಇದೆ. ಅಪ್ ಅಂದರೆ ಮೇಲೆ ಅಂತಷ್ಟೇ ಅಲ್ಲ, ಎಷ್ಟೋ ಸಲ ನಮ್ಮ ‘ಬಿಡು’ ಮಾಡುವ ಕೆಲಸ ಮಾಡುತ್ತದೆ. ‘ಈಟ್ ಅಪ್’ ತಿಂದುಬಿಡು, ‘ಯೂಸ್ ಅಪ್’ ಖರ್ಚು ಮಾಡಿಬಿಡು. ‘ರೈಟ್ ಡೌನ್’ ಅಂದರೆ ಬರೆದಿಟ್ಟುಕೋ. ಆನ್ ಬಂದರೆ ಮುಂದುವರಿಕೆ: ‘ಕ್ಯಾರಿ ಆನ್’, ‘ಗೋ ಆನ್’. ಇದು ಸುಳಿವು ಮಾತ್ರ, ಎಲ್ಲ ಕಡೆ ನಡೆಯುವುದಿಲ್ಲ. ‘ಟರ್ನ್ ಡೌನ್’ ಅಂದರೆ ಫ್ಯಾನಿನ ವೇಗ ಕಡಿಮೆ ಮಾಡುವುದೂ ಹೌದು, ಬಂದ ಸಂಬಂಧವನ್ನು ಬೇಡ ಅನ್ನುವುದೂ ಹೌದು.

ವ್ಯಾಕರಣದಲ್ಲಿ ಒಂದು ವಿಷಯಕ್ಕೆ ಮಾತ್ರ ಗಮನ ಕೊಡಿ. ‘ಟರ್ನ್ ಆಫ್ ದಿ ಪಂಪ್’ ಸರಿ, ‘ಟರ್ನ್ ದಿ ಪಂಪ್ ಆಫ್’ ಕೂಡ ಸರಿ. ಪಂಪ್ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ತಪ್ಪು. ಆದರೆ ‘ಲುಕ್ ಆಫ್ಟರ್’ ಥರದವು ಬಿಡಿಸಲು ಬರುವುದಿಲ್ಲ, ಅಜ್ಜಿಯನ್ನು ನೋಡಿಕೊಳ್ಳುವುದು ‘ಲುಕ್ ಆಫ್ಟರ್ ಹರ್’ ಮಾತ್ರ. ಯಾವುದು ಯಾವ ಜಾತಿ ಅಂತ ಪಟ್ಟಿ ಮಾಡಬೇಡಿ. ಪ್ರತಿಯೊಂದನ್ನೂ ಇಟ್ ಅಥವಾ ಹರ್ ಸೇರಿಸಿಯೇ ಬರೆದುಕೊಳ್ಳಿ, ಜಾಗ ತಾನಾಗಿ ನೆನಪಿರುತ್ತದೆ.

‘ಲುಕ್ ಫಾರ್ವರ್ಡ್ ಟು’ ಬಗ್ಗೆ ಎಲ್ಲರಿಗೂ ಅನುಮಾನ. ಶಿರಸಿಯ ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ, ಕಾಯುತ್ತೇವೆ ಅಲ್ವಾ? ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ದಿ ಜಾತ್ರೆ.’ ಟು ಆದ ಮೇಲೆ ಜಾತ್ರೆ ಎಂಬ ನಾಮಪದ ಕೂರುತ್ತದೆ. ಹಾಗಾಗಿ ಕ್ರಿಯೆ ಬಂದರೂ ಅದು ನಾಮಪದದ ವೇಷದಲ್ಲೇ ಬರಬೇಕು: ‘ಟು ಮೀಟಿಂಗ್ ಯು’. ಕೆಲಸದ ಅರ್ಜಿಯ ಕೊನೆಯ ಸಾಲಿನಲ್ಲಿ ‘ಟು ಮೀಟ್ ಯು’ ಅಂತ ಬರೆದಿದ್ದರೆ ಇವತ್ತೇ ತಿದ್ದಿ.

ನಮ್ಮಲ್ಲಿ ಮಾತ್ರ ಓಡುವ ಕೆಲವು ಇವೆ. ಕಷ್ಟವನ್ನು ನಿಭಾಯಿಸುವುದಕ್ಕೆ ‘ಕೋಪ್ ಅಪ್ ವಿತ್’ ಅಲ್ಲ, ‘ಕೋಪ್ ವಿತ್’. ‘ಐ ಪಾಸ್ಡ್ ಔಟ್ ಇನ್ 2019’ ಅಂದರೆ ನಮ್ಮಲ್ಲಿ ಕಾಲೇಜು ಮುಗಿಸಿದೆ ಅಂತ. ಹೊರದೇಶದ ಹೆಚ್ಚಿನವರಿಗೆ ಅದು ಪ್ರಜ್ಞೆ ತಪ್ಪಿ ಬಿದ್ದೆ ಅಂತ ಕೇಳಿಸುತ್ತದೆ. ‘ಗ್ರ್ಯಾಜುಯೇಟೆಡ್’ ಅನ್ನಿ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ‘ಪೋಸ್ಟ್‌ಪೋನ್’, ‘ಟಾಲರೇಟ್’ ಥರದ ಪುಸ್ತಕದ ಪದ ಗೊತ್ತಿರುತ್ತವೆ, ‘ಪುಟ್ ಆಫ್’, ‘ಪುಟ್ ಅಪ್ ವಿತ್’ ಗೊತ್ತಿರುವುದಿಲ್ಲ. ಆ ದೊಡ್ಡ ಪದ ತಪ್ಪಲ್ಲ, ಬ್ಯಾಂಕಿಗೆ ಬರೆಯುವ ಪತ್ರಕ್ಕೆ ಅದೇ ಒಳ್ಳೆಯದು. ಎದುರಿಗೆ ನಿಂತವರು ಆಡುವುದು ಮಾತ್ರ ಸಣ್ಣ ಪದಗಳಲ್ಲಿ.

ನಾನು ಮಾಡಿದ ಕ್ರಮ ಹೀಗಿದೆ. ಕೌಂಟರಿನಲ್ಲೇ ಒಂದು ಸಣ್ಣ ನೋಟ್‌ಬುಕ್. ವಾರಕ್ಕೆ ಐದೇ ಐದು. ಅರ್ಥ ಬರೆಯುವುದಿಲ್ಲ, ಆ ದಿನ ನಿಜವಾಗಿ ನಡೆದ ಒಂದು ವಾಕ್ಯ ಬರೆಯುತ್ತೇನೆ. ವಾರ ಬಿಟ್ಟು ಕ್ರಿಯಾಪದದ ಮೇಲೆ ಬೆರಳಿಟ್ಟು ಮುಚ್ಚಿ ಓದುತ್ತೇನೆ. ಬೆರಳಿನ ಕೆಳಗಿನದು ಬಾಯಿಗೆ ಬಂದರೆ ಮುಂದಿನ ಪುಟ, ಬರದಿದ್ದರೆ ಅದನ್ನೇ ಬಳಸಿ ಇನ್ನೊಂದು ವಾಕ್ಯ. ಮೊದಲ ಪುಟದ ಮೊದಲ ಸಾಲು ಈಗಲೂ ಹಾಗೇ ಇದೆ: ‘ಯೆಸ್, ವಿ ಕ್ಯಾನ್ ಪುಟ್ ಯು ಅಪ್ ಫಾರ್ ಟೂ ನೈಟ್ಸ್.’