ಮಾತ್ರೆ ನಾಟಿದ್ದು ತಂಬುಳಿಯಿಂದ ಗೊತ್ತಾಯಿತು

ಡಿಪ್ರೆಶನ್‌ಗೆ ಮಾತ್ರೆ ಶುರು ಮಾಡಿದ್ದು ಜೂನ್ ಮೊದಲ ವಾರ, ಶಿರಸಿಯಲ್ಲಿ ಮಳೆ ಹಿಡಿಯುವ ಹೊತ್ತು. ಎಸ್ಸಿಟಾಲೋಪ್ರಾಮ್, ಒಂದು ವಾರ 5 ಮಿಲಿಗ್ರಾಂ, ಆಮೇಲೆ 10. ಇನ್ನೇನು ಖುಷಿ ಬರುತ್ತದೆ ಅಂತ ಕಾಯುತ್ತಾ ಕೂತೆ. ನಾನು ಎಡವಿದ್ದೇ ಅಲ್ಲಿ.

ಮೊದಲ ಹತ್ತು ದಿನ ಬಂದದ್ದೆಲ್ಲ ಉಪದ್ರವೇ. ಬೆಳಿಗ್ಗೆ ದೋಸೆ ಕಂಡರೆ ವಾಕರಿಕೆ, ಬಾಯಿ ಒಣಗುವುದು, ರಾತ್ರಿ ಒಂದು ಗಂಟೆಗೇ ಎಚ್ಚರ. ಬಿಡುವವನೇ ಇದ್ದೆ. ಫೋನ್ ಮಾಡಿದರೆ ಡಾಕ್ಟರು, 'ಉಪದ್ರವ ಮೊದಲು ಬರುತ್ತದೆ, ಗುಣ ಹಿಂದಿನಿಂದ' ಅಂದರು. ಸ್ವಲ್ಪ ಬದಲಾವಣೆ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಆರೆಂಟು ವಾರ ಬೇಕಂತೆ. ಆದರೆ ಚಡಪಡಿಕೆ ಜಾಸ್ತಿಯಾದರೆ, ಸಾಯುವ ಯೋಚನೆ ಬಂದರೆ ವಾರ ಎಣಿಸುತ್ತಾ ಕೂರಬೇಡಿ, ಕೂಡಲೇ ಬನ್ನಿ ಅಂತ ಎರಡೆರಡು ಸಲ ಹೇಳಿದರು. 25ರ ಒಳಗಿನವರಲ್ಲಿ ಶುರುವಿನ ದಿನಗಳಲ್ಲಿ ಇದನ್ನು ಹೆಚ್ಚು ಗಮನಿಸಬೇಕಂತೆ. ಹೆಂಡತಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಕ್ಯಾಲೆಂಡರ್ ಮೇಲೆ ಬರೆದಿಟ್ಟಳು.

ನಾನು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ದಿನಕ್ಕೊಂದು ಸಾಲು ಬರೆಯತೊಡಗಿದೆ. ಎಷ್ಟು ಗಂಟೆ ನಿದ್ದೆ, ಎರಡು ಹೊತ್ತು ಉಂಡೆನಾ, ತೋಟಕ್ಕೆ ಇಳಿದೆನಾ, ಅಷ್ಟೇ. ಖುಷಿಯನ್ನು ಅಳೆಯಲು ನನಗೆ ಬರುವುದಿಲ್ಲ. ಮೂರನೇ ವಾರ ತಿರುಗಿಸಿ ನೋಡಿದರೆ ನಿದ್ದೆ ನಾಲ್ಕು ಗಂಟೆಯಿಂದ ಆರಕ್ಕೆ ಬಂದಿತ್ತು, ಮನಸ್ಸು ಮಾತ್ರ ಹಾಗೇ ಒದ್ದೆ ಗೋಣಿಚೀಲ. ನಿದ್ದೆ, ಊಟ ಮೊದಲು ಸರಿಹೋಗಿ ಮನಸ್ಸು ನಿಧಾನಕ್ಕೆ ಏಳುವುದು ತುಂಬಾ ಜನರಲ್ಲಿ ಹೀಗೇ ಅಂತೆ.

ಡಾಕ್ಟರ ಹತ್ತಿರ ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಗಳ ಹಾಳೆ ಇತ್ತು, ಪೂರ್ತಿ ಅಂಕ 27, ಕಮ್ಮಿಯಾದಷ್ಟೂ ಒಳ್ಳೆಯದು. ಶುರುವಿನಲ್ಲಿ ನನಗೆ 18 ಬಂದಿತ್ತು, ನಾಲ್ಕನೇ ವಾರ 14. 'ಇಳಿದಿದೆ, ಆದರೆ ಸಾಲದು, ಅರ್ಧಕ್ಕಾದರೂ ಇಳಿಯಬೇಕು' ಅಂತ ಡೋಸ್ ಏರಿಸಿದರು.

ಅದಾಗಿ ಹತ್ತು ದಿನಕ್ಕೆ ಊಟಕ್ಕೆ ಕೂತವನು 'ತಂಬುಳಿಗೆ ಉಪ್ಪೇ ಇಲ್ಲವಲ್ಲ' ಅಂದೆ. ಹೆಂಡತಿ ಸೌಟು ಹಿಡಿದುಕೊಂಡೇ ನಿಂತಳು. 'ಎರಡು ತಿಂಗಳಿಂದ ಏನು ಬಡಿಸಿದರೂ ಸುಮ್ನೆ ನುಂಗ್ತಾ ಇದ್ರಿ ಮಾರಾಯ್ರೆ, ಅಂತೂ ರುಚಿ ಗೊತ್ತಾಯ್ತಾ?' ನನಗೆ ಅದು ಗಮನಕ್ಕೇ ಬಂದಿರಲಿಲ್ಲ. ಬದಲಾವಣೆ ಮನೆಯವರಿಗೆ ಮೊದಲು ಕಾಣುತ್ತದೆ, ಅವರನ್ನು ಕೇಳದೆ ಇದ್ದದ್ದು ನನ್ನ ದಡ್ಡತನ.

ಇನ್ನೊಂದು ಗುರುತು ಅಡಿಕೆಯ ಕೊಳೆರೋಗಕ್ಕೆ ಹೊಡೆಸುವ ಬೋರ್ಡೋ ಔಷಧಿ. ಮಳೆಗೆ ಮುಂಚಿನ ಬೋರ್ಡೋ ಹೊಡೆಸಲು ನನಗೆ ಒಂದು ಫೋನ್ ಕೂಡ ಮಾಡಲಾಗದೆ ತಮ್ಮನೇ ನಿಂತು ಹೊಡೆಸಿದ್ದ. ಜುಲೈ ಕೊನೆಗೆ ಎರಡನೇ ಸಲ ಹೊಡೆಸುವಾಗ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ನಾನೇ ಫೋನ್ ಮಾಡಿ, ಮಳೆ ಹೊಳವಾಗುವ ದಿನ ನೋಡಿ, ಕೂಲಿಗೆ ಜಗಳವನ್ನೂ ಆಡಿದೆ. ಹವೆ ಬದಲಾಗಿ ಮನಸ್ಸು ಹಗುರಾಯಿತೇನೋ ಅನ್ನುವ ಹಾಗೂ ಇರಲಿಲ್ಲ, ಆಷಾಢದ ಮಳೆ ಹೊಯ್ಯುತ್ತಲೇ ಇತ್ತು. ಎಂಟನೇ ವಾರದ ಹಾಳೆಯಲ್ಲಿ 8.

ಸೆಪ್ಟೆಂಬರಿನಲ್ಲಿ ಆರಾಮಾಗಿದ್ದೇನಲ್ಲ ಅಂತ ನಾನಾಗೇ ನಿಲ್ಲಿಸಿದೆ. ಮೂರನೇ ದಿನ ತಲೆತಿರುಗು, ಕರೆಂಟ್ ಹೊಡೆದ ಹಾಗೆ ಜುಮ್ ಜುಮ್. ಡಾಕ್ಟರ ಹತ್ತಿರ ಸರಿಯಾಗಿ ಬೈಸಿಕೊಂಡೆ. ಪೂರ್ತಿ ಗುಣವಾದ ಮೇಲೂ ಕಮ್ಮಿ ಅಂದರೆ ಆರು ತಿಂಗಳು ತಗೊಂಡು, ಅವರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು.

ಈಗಿನ ಅಂಕ 5. ಯಕ್ಷಗಾನದ ಆಟ ನೋಡಲು ಹೋಗುವ ಉಮೇದಿ ಮಾತ್ರ ಇನ್ನೂ ಬಂದಿಲ್ಲ. ಅದನ್ನೂ ಪುಸ್ತಕದಲ್ಲಿ ಬರೆದಿದ್ದೇನೆ, ಮುಂದಿನ ಸಲ ಹೋದಾಗ ತೋರಿಸಬೇಕು.